ಹತ್ತು ಪಟ್ಟು ಬ್ಯಾಟರಿ: ಹಳೆಯ ತರಗತಿಗೊಂದು ತಿದ್ದುಪಡಿ

ಮೊನ್ನೆ ನಮ್ಮ ಫೋನಿನ ಬೆನ್ನು ಉಬ್ಬಿ ಮುಚ್ಚಳ ಬಿರಿಯತೊಡಗಿತು. ಹಿಡಿದುಕೊಂಡು ಕಾಸರಗೋಡು ಪೇಟೆಯ ಒಂದು ರಿಪೇರಿ ಅಂಗಡಿಗೆ ಹೊಕ್ಕರೆ, ಕುಳಿತಿದ್ದವನು ನಮ್ಮದೇ ಹಳೆಯ ವಿದ್ಯಾರ್ಥಿ. 2008ರಲ್ಲಿ ನಮ್ಮ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿದ್ದವನು. ಫೋನನ್ನು ತಿರುಗಿಸಿ ನೋಡಿ, "ಮಾಷ್ಟ್ರೇ, ಇದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ" ಎಂದು ಬುದ್ಧಿ ಹೇಳಿದ. ಆಮೇಲೆ ನಗುತ್ತಾ, "ನೀವು ಆವಾಗ ಒಂದು ಮಾತು ಹೇಳಿದ್ರಿ. ಇನ್ನು ನಾಲ್ಕೈದು ವರ್ಷದಲ್ಲಿ ಮೊಬೈಲಿಗೆ ವಾರಕ್ಕೊಮ್ಮೆ ಚಾರ್ಜ್ ಮಾಡಿದ್ರೆ ಸಾಕಾಗ್ತದೆ ಅಂತ. ಹತ್ತು ವರ್ಷದಿಂದ ಬ್ಯಾಟರಿ ಬದಲಾಯಿಸ್ತಾ ಇದ್ದೇನೆ. ಆ ಬ್ಯಾಟರಿ ಮಾತ್ರ ಇನ್ನೂ ಬಂದಿಲ್ಲ!" ಎಂದ.

ಹೇಳಿದ್ದು ನಿಜ. ನಮಗೂ ನೆನಪಿದೆ. 2007ರ ಆಗಸ್ಟಿನಲ್ಲಿ ನೋಕಿಯಾದವರು ತಮ್ಮ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯಷ್ಟು ಬಿಸಿಯಾಗುವ ಸಾಧ್ಯತೆ ಇದೆ, ಬದಲಾಯಿಸಿ ಕೊಡುತ್ತೇವೆ ಎಂದು ಪ್ರಕಟಿಸಿದ್ದರು. ಊರೆಲ್ಲ ಅದೇ ಮಾತು. ಮಕ್ಕಳು ಮನೆಯವರ ಫೋನಿನ ಬ್ಯಾಟರಿ ಬಿಚ್ಚಿ ನಂಬರು ನೋಡುತ್ತಿದ್ದ ಕಾಲ ಅದು. ಅದಾಗಿ ಕೆಲವೇ ತಿಂಗಳಿಗೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿಲಿಕಾನಿನ ಎಳೆಗಳಿಂದ ಹತ್ತು ಪಟ್ಟು ವಿದ್ಯುತ್ತು ತುಂಬುವ ಬ್ಯಾಟರಿ ಮಾಡಿದ್ದಾರೆ, ಎರಡು ಗಂಟೆ ಓಡುವ ಲ್ಯಾಪ್‌ಟಾಪು ಇನ್ನು ಇಪ್ಪತ್ತು ಗಂಟೆ ಓಡಬಹುದು ಎಂಬ ಸುದ್ದಿ ಬಂತು. ನಾವು ಅದನ್ನು ಹಾಗೆಯೇ ತರಗತಿಗೆ ದಾಟಿಸಿದೆವು. ಇಪ್ಪತ್ತು ಗಂಟೆಯನ್ನು ಒಂದು ವಾರ ಮಾಡಿದ್ದು ಮಾತ್ರ ನಮ್ಮದೇ ಕೊಡುಗೆ!

ಮಾಷ್ಟ್ರು ತರಗತಿಯಲ್ಲಿ ಹೇಳಿದ ತಪ್ಪು, ಪುಸ್ತಕದ ಅಚ್ಚಿನ ತಪ್ಪಿನಂತಲ್ಲ. ಅದು ನಲುವತ್ತು ಮನೆಗಳಿಗೆ ನಡೆದುಕೊಂಡು ಹೋಗುತ್ತದೆ. ಅದಕ್ಕೇ ಈ ಬರಹ. ನಾವು ಟಿಸಿಎಚ್ ಮಾಡಿ ಬಿ.ಎ. ಓದಿದವರು, ಪ್ರಯೋಗಾಲಯದಲ್ಲಿ ಕೈಯಾಡಿಸಿದವರಲ್ಲ. ಆದ್ದರಿಂದ ಇದನ್ನು ನಮಗೆ ಗೊತ್ತಿರುವ ದಾರಿಯಲ್ಲೇ, ಅಂದರೆ ಚರಿತ್ರೆಯಾಗಿಯೇ ಹೇಳುತ್ತೇವೆ.

ಕಥೆ ಶುರುವಾಗುವುದು ಸ್ವೀಡನ್ನಿನಲ್ಲಿ. ಬರ್ಜೀಲಿಯಸ್ ಎಂಬ ಹಿರಿಯ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯದಲ್ಲಿ ಆರ್ಫ್‌ವೆಡ್ಸನ್ ಎಂಬ ತರುಣ 1817ರಲ್ಲಿ, ಉಟೋ ದ್ವೀಪದಿಂದ ತಂದ ಪೆಟಲೈಟ್ ಎಂಬ ಕಲ್ಲನ್ನು ಪರೀಕ್ಷಿಸುತ್ತಿದ್ದ. ಎಷ್ಟು ಲೆಕ್ಕ ಹಾಕಿದರೂ ತೂಕ ತಾಳೆಯಾಗಲಿಲ್ಲ. ತಾಳೆಯಾಗದ ಆ ಪಾಲಿನಲ್ಲಿ ಇದ್ದದ್ದೇ ಲಿಥಿಯಂ. ಕಲ್ಲಿನಲ್ಲಿ ಸಿಕ್ಕಿದ್ದರಿಂದ ಗ್ರೀಕಿನ ಕಲ್ಲು ಎಂಬ ಪದದಿಂದಲೇ ಹೆಸರು. ಏಳು ವರ್ಷ ಕಳೆದು 1824ರಲ್ಲಿ ಬರ್ಜೀಲಿಯಸನೇ ಫ್ಲೋರಿನ್ ಸೇರಿದ ಸಿಲಿಕಾನ್ ಲವಣವನ್ನು ಪೊಟ್ಯಾಸಿಯಂ ಜತೆ ಕಾಯಿಸಿ, ತೊಳೆದು ತೊಳೆದು, ಕಂದು ಬಣ್ಣದ ಒಂದು ಪುಡಿ ತೆಗೆದ. ಅದು ಸಿಲಿಕಾನ್. ನಮ್ಮ ಚಂದ್ರಗಿರಿ ಹೊಳೆಯ ಹೊಯಿಗೆಯಲ್ಲಿ ಆಮ್ಲಜನಕದೊಂದಿಗೆ ಕಟ್ಟಿಕೊಂಡು ಕುಳಿತಿರುವುದು ಅದೇ. ಭೂಮಿಯ ಹೊರಪದರದಲ್ಲಿ ಆಮ್ಲಜನಕ ಬಿಟ್ಟರೆ ಅತಿ ಹೆಚ್ಚು ಇರುವುದೂ ಅದೇ. ಹೀಗೆ ಲಿಥಿಯಂ, ಸಿಲಿಕಾನ್ ಎರಡೂ ಒಬ್ಬನೇ ಗುರುವಿನ ಕೈಕೆಳಗೆ ಹೊರಬಂದವು. ಇವೆರಡಕ್ಕೆ ಗಂಟು ಹಾಕುವ ಯೋಚನೆ ಬರಲು ಮಾತ್ರ ಮತ್ತೆ ನೂರೈವತ್ತು ವರ್ಷ ಬೇಕಾಯಿತು.

1970ರ ದಶಕಕ್ಕೆ ಬರೋಣ. ಎಣ್ಣೆಯ ಬೆಲೆ ಏರಿ ಲೋಕವೇ ಕಂಗಾಲಾಗಿದ್ದಾಗ ಎಣ್ಣೆ ಕಂಪೆನಿಯಾದ ಎಕ್ಸಾನಿನಲ್ಲೇ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಂ ಎಂಬವರು ಲಿಥಿಯಂ ಬ್ಯಾಟರಿ ಮಾಡಿ 1976ರಲ್ಲಿ ಪ್ರಕಟಿಸಿದರು. ಅದರ ಋಣಾಗ್ರ ಶುದ್ಧ ಲಿಥಿಯಂ ಲೋಹ. (ಅಂದ ಹಾಗೆ ಮಕ್ಕಳಿಗೆ ಇಲ್ಲೊಂದು ಗೊಂದಲ. ವಿದ್ಯುದ್ವಿಭಜನೆಯ ಪಾಠದಲ್ಲಿ ಆನೋಡ್ ಎಂದರೆ ಧನಾಗ್ರ. ಬ್ಯಾಟರಿಯಲ್ಲಿ ಆನೋಡ್ ಎಂದರೆ ಋಣಾಗ್ರ! ಇಂಗ್ಲಿಷಿನ ಪದ ಕೆಲಸವನ್ನು ಹೇಳುತ್ತದೆ, ನಮ್ಮ ಪದ ಚಿಹ್ನೆಯನ್ನು ಹೇಳುತ್ತದೆ. ಕನ್ನಡದಲ್ಲಿ ಓದಿದ ಹುಡುಗ ಇದರಲ್ಲಿ ಮುಗ್ಗರಿಸಿದರೆ ತಪ್ಪು ಅವನದಲ್ಲ. ಇಲ್ಲಿ ನಾವು ಬ್ಯಾಟರಿಯ ಆನೋಡನ್ನು ಋಣಾಗ್ರ ಎಂದೇ ಕರೆಯುತ್ತೇವೆ.) ಲಿಥಿಯಂ ಲೋಹದ ತೊಂದರೆ ಏನೆಂದರೆ, ಚಾರ್ಜ್ ಮಾಡುವಾಗ ಅದು ಸಮನಾಗಿ ಕೂರದೆ ಸೂಜಿ ಸೂಜಿಯಾಗಿ ಬೆಳೆದು ಆಚೆ ಬದಿಯನ್ನು ಮುಟ್ಟಿಬಿಡುತ್ತದೆ. ಮುಟ್ಟಿದರೆ ಬೆಂಕಿ. 1989ರಲ್ಲಿ ಕೆನಡಾದ ಮೋಲಿ ಎನರ್ಜಿ ಕಂಪೆನಿ ಇದೇ ಕಾರಣಕ್ಕೆ ತನ್ನ ಬ್ಯಾಟರಿಗಳನ್ನು ಹಿಂದೆ ತರಿಸಿಕೊಳ್ಳಬೇಕಾಯಿತು.

ಹಾಗಾದರೆ ಲಿಥಿಯಂ ಅನ್ನು ಬೇರೊಂದು ವಸ್ತುವಿನ ಹೊಟ್ಟೆಯೊಳಗೆ ಇಟ್ಟರೆ ಹೇಗೆ? ಲೋಹಗಳ ಜತೆ ಲಿಥಿಯಂ ಸಾಮಾನ್ಯ ಉಷ್ಣತೆಯಲ್ಲೇ ಬೆರೆಯುತ್ತದೆ ಎಂದು 1971ರಲ್ಲಿ ಡೇ ಎಂಬವರು ತೋರಿಸಿದ್ದರು. 1976ರಲ್ಲಿ ಜನರಲ್ ಮೋಟಾರ್ಸಿನ ಶರ್ಮ ಮತ್ತು ಸೀಫರ್ತ್ ಲಿಥಿಯಂ-ಸಿಲಿಕಾನ್ ಮಿಶ್ರಣವನ್ನು ಕರಗಿದ ಉಪ್ಪಿನಲ್ಲಿ ಪರೀಕ್ಷಿಸಿದರು. 1981ರಲ್ಲಿ ಸ್ಟ್ಯಾನ್‌ಫರ್ಡಿನ ವೆನ್ ಮತ್ತು ರಾಬರ್ಟ್ ಹಗ್ಗಿನ್ಸ್ 415 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಲಿಕಾನ್ ಹಂತ ಹಂತವಾಗಿ ಎಷ್ಟು ಲಿಥಿಯಂ ನುಂಗುತ್ತದೆ ಎಂದು ಅಳೆದರು. ಐದು ಸಿಲಿಕಾನಿಗೆ 22 ಲಿಥಿಯಂ! ಹಗ್ಗಿನ್ಸರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆದರೆ 415 ಡಿಗ್ರಿಯ ಬ್ಯಾಟರಿಯನ್ನು ಅಂಗಿಯ ಕಿಸೆಯಲ್ಲಿ ಇಡಲಿಕ್ಕಾಗುತ್ತದೆಯೇ?

ಗೆದ್ದದ್ದು ಬೇರೆ ವಸ್ತು, ಇಂಗಾಲ. ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ 1980ರಲ್ಲಿ ಕೋಬಾಲ್ಟಿನ ಧನಾಗ್ರ ಕೊಟ್ಟರು, ಫ್ರಾನ್ಸಿನಲ್ಲಿ ರಶೀದ್ ಯಜಾಮಿ ಗ್ರಾಫೈಟಿನೊಳಗೆ ಲಿಥಿಯಂ ಹೋಗಿ ಬರುವುದನ್ನು ತೋರಿಸಿದರು, ಜಪಾನಿನ ಅಕಿರಾ ಯೋಶಿನೊ 1985ರಲ್ಲಿ ಇಂಗಾಲದ ಋಣಾಗ್ರ ಇಟ್ಟು ಇಡೀ ಬ್ಯಾಟರಿಯನ್ನು ಜೋಡಿಸಿದರು, 1991ರಲ್ಲಿ ಸೋನಿ ಮಾರಾಟಕ್ಕಿಟ್ಟಿತು. ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಯಜಾಮಿಯವರಿಗೆ ಬರಲಿಲ್ಲ. ಒಂದು ವಿಷಯಕ್ಕೆ ಮೂವರಿಗಿಂತ ಹೆಚ್ಚು ಜನರಿಗೆ ಕೊಡುವ ಕ್ರಮ ಅಲ್ಲಿಲ್ಲ. ಇರಲಿ.

ಗ್ರಾಫೈಟ್ ಎಂದರೆ ಪೆನ್ಸಿಲಿನ ಕಡ್ಡಿಯಲ್ಲಿರುವುದೇ. ಹಾಳೆ ಹಾಳೆಯಾಗಿ ಜೋಡಿಸಿದ ಇಂಗಾಲ. ಲಿಥಿಯಂ ಆ ಹಾಳೆಗಳ ಸಂದಿಯಲ್ಲಿ ಹೋಗಿ ಕೂರುತ್ತದೆ, ಕರೆದಾಗ ಎದ್ದು ಬರುತ್ತದೆ. ಮನೆಗೆ ಏನೂ ಆಗುವುದಿಲ್ಲ, ಹತ್ತು ಶೇಕಡಾದಷ್ಟು ಉಬ್ಬಿ ಇಳಿಯುತ್ತದೆ ಅಷ್ಟೆ. ಆದರೆ ಆರು ಇಂಗಾಲ ಸೇರಿದರೆ ಒಂದು ಲಿಥಿಯಂಗೆ ಜಾಗ. ಒಂದು ಗ್ರಾಂ ಗ್ರಾಫೈಟಿನಲ್ಲಿ ಹಿಡಿಯುವುದು ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆ.

ಸಿಲಿಕಾನಿನ ಲೆಕ್ಕ ನೋಡಿ. ಹಗ್ಗಿನ್ಸರ ಬಿಸಿ ಲೆಕ್ಕದಂತೆ ಗ್ರಾಂಗೆ 4200. ಸಾಮಾನ್ಯ ಉಷ್ಣತೆಯಲ್ಲಿ ಅಷ್ಟು ಹೋಗುವುದಿಲ್ಲ, ನಾಲ್ಕು ಸಿಲಿಕಾನಿಗೆ 15 ಲಿಥಿಯಂಗೆ ನಿಲ್ಲುತ್ತದೆ ಎಂದು 2004ರಲ್ಲಿ ಒಬ್ರೊವಾಕ್ ಮತ್ತು ಕ್ರಿಸ್ಟೆನ್ಸನ್ ತೋರಿಸಿದರು. ಆಗ ಗ್ರಾಂಗೆ ಸುಮಾರು 3579. ಒಂದು ಲಿಥಿಯಂ ಹೊರಲು ಇಂಗಾಲವಾದರೆ 72 ತೂಕ ಬೇಕು, ಸಿಲಿಕಾನಾದರೆ ಏಳೂವರೆ ಸಾಕು. ಸುದ್ದಿಯಲ್ಲಿ ಬಂದ "ಹತ್ತು ಪಟ್ಟು" ಹುಟ್ಟಿದ್ದು ಇಲ್ಲಿ. ಅದು ಸುಳ್ಳಲ್ಲ. ಅದು ಏನರ ಹತ್ತು ಪಟ್ಟು ಎಂದು ಕೇಳದಿದ್ದದ್ದು ನಮ್ಮ ತಪ್ಪು.

ಇಷ್ಟು ಒಳ್ಳೆಯ ವಸ್ತು ಯಾಕೆ ಹಿಂದೆ ಬಿತ್ತು? ಗ್ರಾಫೈಟಿನಂತೆ ಇಲ್ಲಿ ಸಂದಿಯಲ್ಲಿ ಕೂರುವ ವ್ಯವಸ್ಥೆ ಇಲ್ಲ. ಬರುವ ನೆಂಟರು ಮನೆಯ ಗೋಡೆ ಕೆಡವಿಯೇ ಒಳಗೆ ಬರುತ್ತಾರೆ. ಸಿಲಿಕಾನ್ ತನ್ನ ಗಾತ್ರದ ಹೆಚ್ಚು ಕಡಿಮೆ ನಾಲ್ಕು ಪಟ್ಟಿಗೆ ಉಬ್ಬುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಹಲಸಿನ ಮರದ ಬಾಗಿಲು ಒಂದು ಕೂದಲೆಳೆ ಉಬ್ಬಿದರೇ ಮುಚ್ಚಿಕೊಳ್ಳುವುದಿಲ್ಲ, ಇನ್ನು ನಾಲ್ಕು ಪಟ್ಟು! ಲಿಥಿಯಂ ಹೊರಗೆ ಹೋದಾಗ ಮತ್ತೆ ಕುಗ್ಗುತ್ತದೆ. ಕೊಯ್ಲಾದ ಮೇಲೆ ಬೇಸಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ಕಂಡವರಿಗೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಡೆದ ಚೂರುಗಳು ತಾಮ್ರದ ಹಾಳೆಯಿಂದ ಕಳಚಿ ಬೀಳುತ್ತವೆ, ಮತ್ತೆ ಅವಕ್ಕೆ ವಿದ್ಯುತ್ತಿನ ಸಂಪರ್ಕವೇ ಇಲ್ಲ.

ಇದಕ್ಕಿಂತ ಕಾಣದ ತೊಂದರೆ ಇನ್ನೊಂದು. ಬ್ಯಾಟರಿಯೊಳಗಿನ ದ್ರವ ಋಣಾಗ್ರವನ್ನು ಮುಟ್ಟಿದಲ್ಲೆಲ್ಲ ಕೊಂಚ ಕೆಟ್ಟು ತೆಳುವಾದ ಒಂದು ಪೊರೆ ಕಟ್ಟುತ್ತದೆ. ಇಸ್ರೇಲಿನ ಪೆಲೆಡ್ ಎಂಬವರು 1979ರಲ್ಲಿ ಇದನ್ನು ವಿವರಿಸಿದರು. ಪೊರೆ ಒಳ್ಳೆಯದೇ, ಒಮ್ಮೆ ಕಟ್ಟಿದರೆ ಮುಂದಿನ ಹಾನಿ ತಡೆಯುತ್ತದೆ. ಗ್ರಾಫೈಟ್ ಬ್ಯಾಟರಿ ಬಾಳುವುದೇ ಈ ಪೊರೆಯಿಂದ. ಆದರೆ ಕಾಯಿಸಿದ ಹಾಲಿನ ಕೆನೆ ತೆಗೆದರೆ ಮತ್ತೊಂದು ಕೆನೆ ಕಟ್ಟುತ್ತದೆ, ಅದನ್ನೂ ತೆಗೆದರೆ ಮತ್ತೊಂದು, ಹಾಲು ಮಾತ್ರ ಪ್ರತಿಸಲವೂ ತೆಳ್ಳಗಾಗುತ್ತದೆ. ಸಿಲಿಕಾನ್ ಉಬ್ಬಿದಾಗ ಪೊರೆ ಹರಿಯುತ್ತದೆ, ಹೊಸ ಮೈಯ ಮೇಲೆ ಹೊಸ ಪೊರೆ ಕಟ್ಟುತ್ತದೆ, ಪ್ರತಿ ಪೊರೆಯೂ ಸ್ವಲ್ಪ ಲಿಥಿಯಂ ತಿನ್ನುತ್ತದೆ. ಬ್ಯಾಟರಿಯಲ್ಲಿರುವ ಲಿಥಿಯಂ ಅಳೆದು ತುಂಬಿದ್ದು, ಮತ್ತೆ ಬರುವುದಿಲ್ಲ. ಒಂದು ಸುತ್ತಿಗೆ 99 ಶೇಕಡಾ ಹಿಂದೆ ಬಂದರೆ ನಮ್ಮ ಕಾಲದ ಪರೀಕ್ಷೆಯಲ್ಲಾದರೆ ಡಿಸ್ಟಿಂಕ್ಷನ್! ಇಲ್ಲಿ ಅದು ಫೇಲು. ನೂರು ಸುತ್ತಿಗೆ ಉಳಿಯುವುದು ಸುಮಾರು 37 ಶೇಕಡಾ. 99.9 ಬಂದರೂ 500 ಸುತ್ತಿಗೆ ಉಳಿಯುವುದು 61ರ ಹತ್ತಿರ. ಬೇಕಾದರೆ ಮಕ್ಕಳ ಕೈಯಲ್ಲಿ ಕ್ಯಾಲ್ಕುಲೇಟರು ಕೊಟ್ಟು ನೋಡಿ.

1990ರ ದಶಕದ ಕೊನೆಗೆ ಒಂದು ಬೆಳಕು ಕಂಡಿತು. 1999ರಲ್ಲಿ ಬೀಜಿಂಗಿನ ಭೌತಶಾಸ್ತ್ರ ಸಂಸ್ಥೆಯ ಹಾಂಗ್ ಲಿ, ಲಿಕ್ವಾನ್ ಚೆನ್ ಮತ್ತು ಸಂಗಡಿಗರು ಸಿಲಿಕಾನನ್ನು ನ್ಯಾನೋ ಪುಡಿಯಾಗಿ ಬಳಸಿದರೆ ಹೆಚ್ಚು ತಾಳುತ್ತದೆ ಎಂದು ತೋರಿಸಿದರು. ಸೋನಿ 2005ರಲ್ಲಿ ಸಿಲಿಕಾನಿನ ನೆಂಟನಾದ ತವರದ ಮಿಶ್ರಣವನ್ನು ಋಣಾಗ್ರಕ್ಕೆ ಹಾಕಿ ವಿಡಿಯೋ ಕ್ಯಾಮರಾದ ಬ್ಯಾಟರಿ ಮಾರಿತು. ಇದ್ಯಾವುದೂ ನಮ್ಮ ಪತ್ರಿಕೆಗಳಲ್ಲಿ ಬಂದ ನೆನಪಿಲ್ಲ.

ಬಂದದ್ದು ಸ್ಟ್ಯಾನ್‌ಫರ್ಡಿನದ್ದು. ಯಿ ಚುಯಿ ಎಂಬ ಪ್ರಾಧ್ಯಾಪಕರು, ಆಗ ವಿದ್ಯಾರ್ಥಿನಿಯಾಗಿದ್ದ ಕ್ಯಾಂಡೇಸ್ ಚಾನ್ ಮೊದಲಾದವರು ಸ್ಟೀಲಿನ ಹಾಳೆಯ ಮೇಲೆಯೇ ಹುಲ್ಲಿನಂತೆ ಸಿಲಿಕಾನಿನ ಎಳೆಗಳನ್ನು ಬೆಳೆಸಿದರು. ಎಳೆಯ ದಪ್ಪ ಸರಾಸರಿ 89 ನ್ಯಾನೋಮೀಟರು. ಲಿಥಿಯಂ ತುಂಬಿದಾಗ 141 ಆಯಿತು, ಆದರೆ ಮುರಿಯಲಿಲ್ಲ! ಹುಲ್ಲು ಹುಲ್ಲಿನ ನಡುವೆ ಉಬ್ಬಲು ಜಾಗವಿತ್ತು, ಪ್ರತಿಯೊಂದು ಎಳೆಯೂ ಬುಡದಲ್ಲಿ ಲೋಹಕ್ಕೆ ಅಂಟಿತ್ತು. ಆ ಲೇಖನದ ಲೇಖಕರ ಪಟ್ಟಿಯಲ್ಲಿ ಇನ್ನೊಂದು ಹೆಸರಿದೆ, ರಾಬರ್ಟ್ ಹಗ್ಗಿನ್ಸ್. ಹೌದು, 1981ರ ಅದೇ ಹಗ್ಗಿನ್ಸ್! ಕಾಲು ಶತಮಾನ ಕಳೆದು, ತಾನು ಬೆಂಕಿಯಲ್ಲಿಟ್ಟು ಅಳೆದದ್ದು ತಣ್ಣಗಿನ ಕೋಣೆಯಲ್ಲಿ ನಡೆಯುವುದನ್ನು ಆ ಮುದುಕರು ನೋಡಿದರು. ಈ ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಇಷ್ಟವಾದ ಸಂಗತಿ ಇದು.

ಈಗ ನಮ್ಮ ತಪ್ಪಿಗೆ ಬರೋಣ. ಆ ಪ್ರಯೋಗದಲ್ಲಿ ಮೊದಲ ಸುತ್ತಿನಲ್ಲಿ ಒಳಗೆ ಹೋದ ಲಿಥಿಯಂನಲ್ಲಿ ಸುಮಾರು 73 ಶೇಕಡಾ ಮಾತ್ರ ಹಿಂದೆ ಬಂದಿತ್ತು. ಎದುರಿಗೆ ಇದ್ದದ್ದು ಮಾರುಕಟ್ಟೆಯ ಧನಾಗ್ರ ಅಲ್ಲ, ಲಿಥಿಯಂ ಲೋಹದ ತಗಡು. ಪ್ರಯೋಗಾಲಯಗಳಲ್ಲಿ ಒಂದು ವಸ್ತುವನ್ನು ಪರೀಕ್ಷಿಸುವ ಕ್ರಮವೇ ಹಾಗೆ, ಅದರಲ್ಲಿ ಮೋಸವಿಲ್ಲ. ಆದರೆ ತಗಡಿನಲ್ಲಿ ಬೇಕಾದಷ್ಟು ಲಿಥಿಯಂ ಇರುವುದರಿಂದ ಕಳೆದುಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ಅಕ್ಕಿ ಮೂಟೆ ಪಕ್ಕದಲ್ಲೇ ಇರುವಾಗ ಚೆಲ್ಲಿದ ಅಗುಳನ್ನು ಯಾರು ಎಣಿಸುತ್ತಾರೆ?

ಎರಡನೆಯದು ಇನ್ನೂ ದೊಡ್ಡದು, ಮತ್ತು ಏಳನೇ ತರಗತಿಯ ಗಣಿತವೇ ಸಾಕು. 1000 ಮಿಲಿಆಂಪಿಯರ್-ಗಂಟೆಯ ಒಂದು ಬ್ಯಾಟರಿ ಎಂದು ಇಟ್ಟುಕೊಳ್ಳಿ. ಕೋಬಾಲ್ಟಿನ ಧನಾಗ್ರ ಗ್ರಾಂಗೆ ಸುಮಾರು 140 ಕೊಡುತ್ತದೆ, ಹಾಗಾಗಿ 7.1 ಗ್ರಾಂ ಬೇಕು. ಗ್ರಾಫೈಟ್ ಬಳಕೆಯಲ್ಲಿ ಗ್ರಾಂಗೆ 350 ಎಂದರೆ 2.9 ಗ್ರಾಂ. ಒಟ್ಟು 10 ಗ್ರಾಂ. ಗ್ರಾಫೈಟ್ ತೆಗೆದು ಪೂರ್ತಿ ಸಿಲಿಕಾನ್ ಹಾಕಿದರೆ 2.9ರ ಜಾಗಕ್ಕೆ 0.3 ಗ್ರಾಂ ಸಾಕು. ಒಟ್ಟು 7.4 ಗ್ರಾಂ. ಹತ್ತು ಗ್ರಾಂ ಇದ್ದದ್ದು ಏಳೂವರೆಯ ಹತ್ತಿರ ಬಂತು, ಅಂದರೆ ಅದೇ ತೂಕಕ್ಕೆ ಮೂರನೇ ಒಂದು ಪಾಲಿನಷ್ಟು ಹೆಚ್ಚು. ಹತ್ತು ಪಟ್ಟು ಎಲ್ಲಿ, ಒಂದೂ ಮೂರನೇ ಒಂದು ಪಟ್ಟು ಎಲ್ಲಿ! ತಾಮ್ರ, ಅಲ್ಯುಮಿನಿಯಂ, ದ್ರವ, ಹೊರಕವಚದ ತೂಕ ಸೇರಿದರೆ ಲಾಭ ಇನ್ನೂ ಇಳಿಯುತ್ತದೆ. ಸಿಲಿಕಾನಿನಿಂದ ವೋಲ್ಟೇಜು ಕೂಡ ಕೊಂಚ ಕಡಿಮೆಯಾಗುತ್ತದೆ. ನಾವು 2008ರಲ್ಲಿ ಕರಿಹಲಗೆಯ ಮೇಲೆ ಈ ಭಾಗಾಕಾರ ಮಾಡಿದ್ದರೆ ವಾರಕ್ಕೊಮ್ಮೆ ಚಾರ್ಜಿನ ಮಾತು ಬಾಯಿಯಿಂದ ಬರುತ್ತಲೇ ಇರಲಿಲ್ಲ. ಲೆಕ್ಕ ಬಾರದೆ ಅಲ್ಲ, ಸುದ್ದಿಯ ಸಂತೋಷದಲ್ಲಿ ಮಾಡಲಿಲ್ಲ.

ಆಮೇಲಿನ ಹದಿನೈದು ವರ್ಷಗಳ ಕೆಲಸ ಸುದ್ದಿಯಷ್ಟು ರೋಚಕವಲ್ಲ, ಆದರೆ ನಿಜವಾದ ಕೆಲಸ ಅದೇ. ಕಣ ಸುಮಾರು 150 ನ್ಯಾನೋಮೀಟರಿಗಿಂತ ಚಿಕ್ಕದಾಗಿದ್ದರೆ ಬಿರಿಯುವುದಿಲ್ಲ ಎಂಬುದನ್ನು 2012ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕಣ್ಣಾರೆ ನೋಡಿದರು. ಗದ್ದೆಯ ಕೆಸರಿನಲ್ಲೂ ಹಾಗೆಯೇ ಅಲ್ಲವೇ? ಒಂದು ಗಾತ್ರಕ್ಕೆ ಒಡೆದ ಹೆಂಟೆ ಮತ್ತೆ ಒಡೆಯುವುದಿಲ್ಲ. ಆದರೆ ಪುಡಿ ಸಣ್ಣದಾದಷ್ಟೂ ಮೈ ಹೆಚ್ಚು, ಮೈ ಹೆಚ್ಚಾದಷ್ಟೂ ಪೊರೆ ಹೆಚ್ಚು. ಒಂದನ್ನು ಮುಚ್ಚಿದರೆ ಇನ್ನೊಂದು ತೂತು! ಇದಕ್ಕೆ ಚುಯಿಯವರ ತಂಡ 2014ರಲ್ಲಿ ಕಂಡುಕೊಂಡ ಉಪಾಯ ದಾಳಿಂಬೆಯದ್ದು. ಪ್ರತಿ ಸಿಲಿಕಾನ್ ಕಣಕ್ಕೂ ಸಡಿಲವಾದ ಇಂಗಾಲದ ಕೋಶ, ಒಳಗೇ ಉಬ್ಬಲು ಖಾಲಿ ಜಾಗ, ಅಂಥ ಬೀಜಗಳನ್ನೆಲ್ಲ ಸೇರಿಸಿ ಹೊರಗೊಂದು ಸಿಪ್ಪೆ. ದ್ರವ ಮುಟ್ಟುವುದು ಸಿಪ್ಪೆಯನ್ನು ಮಾತ್ರ. 1000 ಸುತ್ತಿನ ಮೇಲೂ 97 ಶೇಕಡಾ ಉಳಿಯಿತು. ಸೊಗಸಾದ ಕೆಲಸ, ಆದರೆ ಟನ್ನುಗಟ್ಟಲೆ ದಾಳಿಂಬೆ ಮಾಡುವುದು ಅಗ್ಗವಲ್ಲ.

ಕಣಗಳನ್ನು ಹಿಡಿದಿಡುವ ಅಂಟನ್ನೂ ಬದಲಾಯಿಸಿದರು. 2011ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗ್ಲೆಬ್ ಯೂಶಿನ್ ಮತ್ತು ಸಂಗಡಿಗರು ಕಂದು ಬಣ್ಣದ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟು ಹಳೆಯ ಪ್ಲಾಸ್ಟಿಕ್ ಅಂಟಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ ಎಂದು ತೋರಿಸಿದರು. 2017ರಲ್ಲಿ ಕೊರಿಯಾದವರು ಬಾವಿಯ ರಾಟೆಯಂತೆ ಜಾರಿ ಹಿಗ್ಗುವ ಅಣುಗಳ ಅಂಟು ಮಾಡಿದರು.

ನಮ್ಮ ಮಕ್ಕಳಿಗೆ ಹೇಳಿದಾಗ ಅವರು ಬಾಯಿ ಬಿಟ್ಟು ಕೇಳಿದ್ದು ಮಾತ್ರ ಭತ್ತದ ಉಮಿಯ ಕಥೆ. ಭತ್ತದ ತೂಕದಲ್ಲಿ ಐದನೇ ಒಂದು ಪಾಲಿನಷ್ಟು ಉಮಿ. ಭತ್ತದ ಗಿಡ ಮಣ್ಣಿನಿಂದ ಸಿಲಿಕಾವನ್ನು ಹೀರಿ ಕಾಳಿನ ಕವಚದಲ್ಲಿ ಇಟ್ಟುಕೊಳ್ಳುತ್ತದೆ, ಒಣ ಉಮಿಯಲ್ಲಿ ಶೇಕಡಾ 15ರಿಂದ 20 ಸಿಲಿಕಾವೇ. ಅದೂ ಗಾಳಿಯಾಡುವ ಹಾಗೆ ಸಣ್ಣ ಸಣ್ಣ ರಂಧ್ರಗಳಿರುವ ಸಿಲಿಕಾ! 2013ರಲ್ಲಿ ಕೊರಿಯಾದ ಒಂದು ತಂಡ, ಸ್ಟ್ಯಾನ್‌ಫರ್ಡಿನ ಒಂದು ತಂಡ, ಎರಡೂ ಬೇರೆ ಬೇರೆಯಾಗಿ ಉಮಿಯನ್ನು ಆಮ್ಲದಲ್ಲಿ ತೊಳೆದು, ಸುಟ್ಟು, ಉಳಿದ ಬಿಳಿ ಬೂದಿಯನ್ನು ಮೆಗ್ನೀಸಿಯಂ ಜತೆ ಕಾಯಿಸಿ ಸಿಲಿಕಾನ್ ಪಡೆದು ಬ್ಯಾಟರಿ ಮಾಡಿದವು. ರಂಧ್ರಗಳು ಹಾಗೆಯೇ ಉಳಿದದ್ದರಿಂದ ಉಬ್ಬಲು ಜಾಗವೂ ಸಿಕ್ಕಿತು. ಬರ್ಜೀಲಿಯಸನ ಪೊಟ್ಯಾಸಿಯಂ ಬದಲು ಮೆಗ್ನೀಸಿಯಂ, ಉಳಿದಂತೆ ಉಪಾಯ ಹೆಚ್ಚು ಕಡಿಮೆ ಅದೇ. ನಮ್ಮ ಅಜ್ಜಂದಿರು ಉಮಿಕರಿಯಿಂದ ಹಲ್ಲುಜ್ಜುತ್ತಿದ್ದರು. ಉಜ್ಜಿದಾಗ ಗರಗರ ಎನ್ನುತ್ತಿದ್ದುದು ಈ ಸಿಲಿಕಾವೇ ಎಂದು ಹೇಳಿದಾಗ ಒಬ್ಬಳು ಹುಡುಗಿ, "ಹಾಗಾದ್ರೆ ಅಜ್ಜನ ಬಾಯಲ್ಲಿ ಬ್ಯಾಟರಿ ಇತ್ತಾ ಮಾಷ್ಟ್ರೇ?" ಎಂದಳು. ಉತ್ತರ ಕೊಡಲು ನಗು ಬಿಡಲಿಲ್ಲ.

ಮಾರುಕಟ್ಟೆಗೆ ಸಿಲಿಕಾನ್ ಬಂದದ್ದು ಡಂಗುರ ಸಾರಿ ಅಲ್ಲ, ಸಾರಿಗೆ ಉಪ್ಪು ಹಾಕಿದಂತೆ ಸ್ವಲ್ಪ ಸ್ವಲ್ಪವೇ. 2015ರಲ್ಲಿ ಟೆಸ್ಲಾದ ಈಲಾನ್ ಮಸ್ಕ್ ತಮ್ಮ ಕಾರಿನ ಬ್ಯಾಟರಿಯ ಗ್ರಾಫೈಟಿಗೆ ಒಂದಿಷ್ಟು ಸಿಲಿಕಾನ್ ಸೇರಿಸಿದ್ದೇವೆ ಎಂದರು. ಕಡಲಪಾಚಿಯ ಯೂಶಿನ್ ಸೇರಿ ಕಟ್ಟಿದ ಸಿಲಾ ಎಂಬ ಕಂಪೆನಿಯ ಸಿಲಿಕಾನ್ ಮೊದಲು ಮಾರಾಟವಾದದ್ದು 2021ರಲ್ಲಿ, ಕಾರಿನಲ್ಲಲ್ಲ, ವ್ಯಾಯಾಮ ಮಾಡುವವರು ಕೈಗೆ ಕಟ್ಟುವ ಪಟ್ಟಿಯಲ್ಲಿ. 2023ರಲ್ಲಿ ಚೀನಾದ ಆನರ್ ಕಂಪೆನಿ ಸಿಲಿಕಾನ್-ಕಾರ್ಬನ್ ಬ್ಯಾಟರಿಯ ಫೋನು ತಂದಿತು. ರಂಧ್ರಗಳಿರುವ ಇಂಗಾಲದ ಕಣದೊಳಗೆ ಸಿಲೇನ್ ಎಂಬ ಅನಿಲ ಹಾಯಿಸಿ ಒಳಗಡೆಯೇ ಸಿಲಿಕಾನ್ ಕೂರಿಸುವ ಪದ್ಧತಿ ಈಗ ಮುಂದಿದೆ. ದಾಳಿಂಬೆಯ ತತ್ತ್ವವೇ, ಕೆಲಸ ಸುಲಭ. 5000 ಮಿಲಿಆಂಪಿಯರ್-ಗಂಟೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಫೋನುಗಳು ಗಾತ್ರ ಹೆಚ್ಚಿಸದೆ 6000, 7000 ದಾಟಿದ್ದರ ಹಿಂದೆ ಇದೇ ಇದೆ. ಭಾರತದ ಅಂಗಡಿಗಳಿಗೂ ಅವು ಬಂದಿವೆ.

ಆದರೂ ಇವುಗಳಲ್ಲಿ ಗ್ರಾಫೈಟೇ ಬಹುಪಾಲು. ಸಿಲಿಕಾನ್ ಹೆಚ್ಚಿಸಿದರೆ ಬ್ಯಾಟರಿ ಸುಮ್ಮನೆ ಇಟ್ಟಲ್ಲೇ ಮುದಿಯಾಗುವ ತೊಂದರೆ ಇದೆ. ಚಾರ್ಜ್ ಮಾಡಿ ಮುಟ್ಟದೆ ಇಟ್ಟರೂ ಆ ಪೊರೆ ನಿಧಾನವಾಗಿ ಲಿಥಿಯಂ ತಿನ್ನುತ್ತಲೇ ಇರುತ್ತದೆ. ಎರಡು ವರ್ಷಕ್ಕೆ ಬದಲಾಗುವ ಫೋನಿಗೆ ಅದು ನಡೆಯುತ್ತದೆ, ಹತ್ತು ವರ್ಷ ಓಡಬೇಕಾದ ಕಾರಿಗೆ ನಡೆಯುವುದಿಲ್ಲ. ಅಮೆರಿಕದ ಸರಕಾರಿ ಪ್ರಯೋಗಾಲಯಗಳು ಈ ಒಂದೇ ಪ್ರಶ್ನೆಗೆ ಪ್ರತ್ಯೇಕ ತಂಡ ಕಟ್ಟಿಕೊಂಡು ಕೂತದ್ದು ಇದಕ್ಕಾಗಿಯೇ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಹೊಸ ಬ್ಯಾಟರಿ ಹಾಕಿದ ಫೋನು ತರಲು ಹೋದಾಗ ಅಂಗಡಿಯ ಹುಡುಗನ ಮುಂದೆ ಇಟ್ಟೆವು. ನಮ್ಮ ಫೋನು ಉಬ್ಬಿದ್ದು ಸಿಲಿಕಾನಿನಿಂದ ಇರಬಹುದೇ ಎಂದು ಕೇಳಿದ. ಇಲ್ಲ ಮಾರಾಯ, ಅದು ಹಳೆಯ ಗ್ರಾಫೈಟ್ ಬ್ಯಾಟರಿ. ಒಳಗಿನ ದ್ರವ ಕೆಟ್ಟು ಅನಿಲವಾಗಿ ಚೀಲ ಉಬ್ಬಿದ್ದು, ಅದು ಬೇರೆ ಉಬ್ಬು, ಇದು ಬೇರೆ ಉಬ್ಬು ಎಂದೆವು. ಅವನು ಬಿಲ್ಲಿನ ಹಿಂಬದಿಯಲ್ಲಿ ನಮ್ಮ 7.1, 2.9ರ ಲೆಕ್ಕವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿದ. ಸರಿಯಾಗಿ ಬಂತು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕುಳಿತವನು, "ಹಾಗಾದ್ರೆ ಈ ಏಳು ಗ್ರಾಂ ಯಾವಾಗ ಕಡಿಮೆ ಆಗ್ತದೆ ಮಾಷ್ಟ್ರೇ?" ಎಂದು ಕೇಳಿದ.

ಈ ಸಲ ನಾವು ವರ್ಷ ಹೇಳಲಿಲ್ಲ.